ಹತ್ತು ಲಕ್ಷಕ್ಕೊಂದೋ, ನಾಲ್ಕಕ್ಕೊಂದೋ?

2008ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಕುರಿತು ಎರಡು ಅಧ್ಯಯನಗಳು ಬಂದವು. ಎರಡರ ಪ್ರಶ್ನೆಯೂ ಒಂದೇ: ಗಡ್ಡೆಯಲ್ಲಿರುವ ಅಸಂಖ್ಯ ಕೋಶಗಳ ಪೈಕಿ ಹೊಸ ಗಡ್ಡೆ ಹುಟ್ಟಿಸಬಲ್ಲವು ಎಷ್ಟು? ಜನವರಿಯಲ್ಲಿ ಬಾಸ್ಟನ್ ತಂಡ ಕೊಟ್ಟ ಲೆಕ್ಕ ಸುಮಾರು ಹತ್ತು ಲಕ್ಷಕ್ಕೊಂದು. ಡಿಸೆಂಬರಿನಲ್ಲಿ ಮಿಷಿಗನ್ ತಂಡ ಕೊಟ್ಟ ಲೆಕ್ಕ ನಾಲ್ಕಕ್ಕೊಂದು.

ಈ ಪ್ರಶ್ನೆಯ ಬೇರು ಆರೋಗ್ಯವಂತ ಚರ್ಮದಲ್ಲಿದೆ. ಮೇಲ್ಚರ್ಮ ದಿನವೂ ಸವೆದು ಉದುರುತ್ತದೆ. ಹೆಚ್ಚುಕಡಿಮೆ ನಾಲ್ಕು ವಾರಗಳಲ್ಲಿ ಹೊಸದಾಗುತ್ತದೆ. ಹೊಸ ಕೋಶಗಳನ್ನು ಒದಗಿಸುವುದು ಅದರ ತಳಪದರದಲ್ಲಿರುವ ಕಾಂಡಕೋಶಗಳು. ಕಾಂಡಕೋಶ ಎರಡಾದಾಗ ಒಂದು ಕಾಂಡಕೋಶವಾಗಿಯೇ ಉಳಿಯಬಲ್ಲದು. ಇನ್ನೊಂದು ಮೇಲೇರುತ್ತಾ ಗಟ್ಟಿಯಾಗಿ ಕೊನೆಗೆ ಉದುರಿಹೋಗುತ್ತದೆ. ಕ್ಯಾನ್ಸರಿನೊಳಗೂ ಇಂಥದ್ದೇ ಏರ್ಪಾಡು ಇರಬಹುದೆಂಬ ಊಹೆಗೆ ಬಲ ಬಂದದ್ದು 1994ರಲ್ಲಿ, ಟೊರಾಂಟೊದ ಜಾನ್ ಡಿಕ್ ಮತ್ತು ಸಂಗಡಿಗರು ರಕ್ತದ ಕ್ಯಾನ್ಸರಿನಲ್ಲಿ ರೋಗವನ್ನು ಹೊಸದಾಗಿ ಶುರು ಮಾಡಬಲ್ಲ ವಿರಳ ಕೋಶಗಳನ್ನು ಗುರುತಿಸಿದಾಗ.

ಬಾಸ್ಟನ್ನಿನವರು ಮೆಲನೋಮಾದಲ್ಲಿ ಅಂಥವನ್ನೇ ಹುಡುಕಿದರು. ಹೊರಮೈಯಲ್ಲಿ ಎಬಿಸಿಬಿ5 ಎಂಬ ಪ್ರೋಟೀನ್ ಇರುವ ಕೋಶಗಳನ್ನು ಬೇರ್ಪಡಿಸಿ, ರೋಗನಿರೋಧಕ ಶಕ್ತಿ ಕುಂದಿದ ಇಲಿಗಳಿಗೆ ಚುಚ್ಚಿದಾಗ ಉಳಿದವಕ್ಕಿಂತ ಇವು ಗಡ್ಡೆ ಬೆಳೆಸುವುದರಲ್ಲಿ ಬಹಳ ಮುಂದಿದ್ದವು. ಇವಿಷ್ಟನ್ನು ಕೊಂದರೆ ಕ್ಯಾನ್ಸರ್ ತಾನಾಗಿ ಬತ್ತೀತು ಎಂಬ ಆಸೆ ಚಿಗುರಿತು.

ಬಿತ್ತಿದ ಬೀಜ ಮೊಳೆಯದಿದ್ದರೆ ಬೀಜ ಜೊಳ್ಳೋ, ನೆಲ ಬರಡೋ? ಮಿಷಿಗನ್ನಿನ ಎಲ್ಸಾ ಕ್ವಿಂಟಾನಾ ಮತ್ತು ಶಾನ್ ಮಾರಿಸನ್ ನೆಲವನ್ನೇ ಬದಲಿಸಿ ನೋಡಿದರು. ರೋಗನಿರೋಧಕ ಶಕ್ತಿ ಇನ್ನೂ ಕಡಿಮೆಯಿರುವ ಇಲಿಗಳನ್ನು ಆರಿಸಿಕೊಂಡರು, ಕೋಶಗಳನ್ನು ಪೋಷಕ ಜೆಲ್ ಜೊತೆ ಬೆರೆಸಿ ಚುಚ್ಚಿದರು, ತಿಂಗಳುಗಟ್ಟಲೆ ಕಾದರು. ರೋಗಿಗಳಿಂದ ತೆಗೆದ ಒಂಟಿ ಕೋಶಗಳಲ್ಲಿ ಸುಮಾರು ಕಾಲು ಭಾಗ ಗಡ್ಡೆಯಾಗಿ ಬೆಳೆದವು. 2010ರಲ್ಲಿ ಅದೇ ತಂಡ ಹಲವಾರು ಗುರುತಿನ ಪ್ರೋಟೀನುಗಳನ್ನು ಪರೀಕ್ಷಿಸಿತು. ಪ್ರೋಟೀನ್ ಇದ್ದ ಕೋಶಗಳೂ ಇಲ್ಲದ ಕೋಶಗಳೂ ಗಡ್ಡೆ ಕಟ್ಟಿದವು.

ಹಾಗಾದರೆ ಕಾಂಡಕೋಶದ ಮಾತೇ ಸುಳ್ಳೇ? ಅದೂ ಅಲ್ಲ. ಅದೇ 2010ರಲ್ಲಿ ಫಿಲಡೆಲ್ಫಿಯಾದ ಮೀನ್‌ಹಾರ್ಡ್ ಹರ್ಲಿನ್ ಅವರ ತಂಡ ಮೆಲನೋಮಾದಲ್ಲಿ ಬಲು ನಿಧಾನವಾಗಿ ವಿಭಜಿಸುವ ಒಂದು ಗುಂಪನ್ನು ಗುರುತಿಸಿತು. ಗಡ್ಡೆಯ ಬಹುಪಾಲು ಕೋಶಗಳು ಎರಡು ದಿನಕ್ಕೊಮ್ಮೆ ಇಮ್ಮಡಿಯಾದರೆ ಇವಕ್ಕೆ ನಾಲ್ಕು ವಾರಗಳಿಗೂ ಹೆಚ್ಚು ಬೇಕು. ಈ ಗುಂಪಿನ ಗುರುತಾದ ಜಾರಿಡ್1ಬಿ ಪ್ರೋಟೀನನ್ನು ತಗ್ಗಿಸಿದಾಗ ಗಡ್ಡೆ ಮೊದಲು ಬಿರುಸಾಗಿ ಬೆಳೆದು ಆಮೇಲೆ ಬಳಲಿತು. ಅಚ್ಚರಿಯೆಂದರೆ, ಆ ಪ್ರೋಟೀನ್ ಇಲ್ಲದ ಕೋಶಗಳೂ ಅದನ್ನು ಮರಳಿ ಪಡೆಯಬಲ್ಲವು. ಮೆಲನೋಮಾದಲ್ಲಿ ಕಾಂಡಕೋಶದ ಗುಣ ಹುಟ್ಟಿನಿಂದ ಬಂದ ಜಾತಿಯಲ್ಲ, ಸಂದರ್ಭಕ್ಕೆ ತಕ್ಕಂತೆ ಬಂದುಹೋಗುವ ಸ್ಥಿತಿ.

ಚರ್ಮದ ಕ್ಯಾನ್ಸರುಗಳಲ್ಲೆಲ್ಲ ಹೆಚ್ಚು ಕಾಣುವ ಬೇಸಲ್ ಸೆಲ್ ಕಾರ್ಸಿನೋಮಾದಲ್ಲಿ ಈ ತಿಳಿವಳಿಕೆ ನೇರವಾಗಿ ಚಿಕಿತ್ಸೆಗೆ ತಾಗುತ್ತದೆ. ‘ಹೆಡ್ಜ್‌ಹಾಗ್’ ಎಂಬ ಸಂಕೇತಜಾಲ ಕೆಟ್ಟು ಇದು ಬೆಳೆಯುತ್ತದೆ. ಆ ಜಾಲವನ್ನು ತಡೆಯುವ ವಿಸ್ಮೊಡೆಜಿಬ್ ಮಾತ್ರೆಗೆ ಅಮೆರಿಕ 2012ರಲ್ಲಿ ಒಪ್ಪಿಗೆ ಕೊಟ್ಟಿತು. ಮಾತ್ರೆಯಿಂದ ಗಡ್ಡೆ ಕರಗುತ್ತದೆ. ನಿಲ್ಲಿಸಿದರೆ ಎಷ್ಟೋ ಸಲ ಮರಳುತ್ತದೆ. ಕಾರಣವನ್ನು 2018ರಲ್ಲಿ ಬ್ರಸೆಲ್ಸಿನ ಸೆಡ್ರಿಕ್ ಬ್ಲಾಂಪೇನ್ ಅವರ ತಂಡ ಇಲಿಗಳಲ್ಲಿ ಬಿಡಿಸಿ ತೋರಿಸಿತು. ಔಷಧ ಹೆಚ್ಚಿನ ಕೋಶಗಳನ್ನು ಬಲಿತು ಸಾಯುವ ದಾರಿಗೆ ಹಚ್ಚುತ್ತದೆ, ಆದರೆ ಎಲ್‌ಜಿಆರ್5 ಎಂಬ ಪ್ರೋಟೀನ್ ಇರುವ ನಿಧಾನಗತಿಯ ಕೋಶಗಳು ಉಳಿದುಬಿಡುತ್ತವೆ. ಇವು ಆಸರೆ ಪಡೆಯುವುದು ‘ವಿಂಟ್’ ಎಂಬ ಇನ್ನೊಂದು ಸಂಕೇತದಿಂದ. ಎರಡನ್ನೂ ಒಟ್ಟಿಗೆ ತಡೆದಾಗ ಬಹುಪಾಲು ಗಡ್ಡೆಗಳು ನಿರ್ಮೂಲವಾದವು. ಮನುಷ್ಯರಲ್ಲಿ ಇದು ಸುಲಭವಲ್ಲ, ಏಕೆಂದರೆ ಕರುಳಿನ ಒಳಪದರವನ್ನು ನವೀಕರಿಸುವ ಕಾಂಡಕೋಶಗಳಿಗೂ ವಿಂಟ್ ಬೇಕು.

ಭಾರತೀಯರಲ್ಲಿ ಮೆಲನೋಮಾ ಅಪರೂಪ. ಬಂದರೆ ಅನೇಕ ವೇಳೆ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನಡಿಯಲ್ಲಿ ಬರುತ್ತದೆ. ಆಣಿಯೆಂದೋ ಗಾಯವೆಂದೋ ಕಡೆಗಣಿಸಿ ತಡವಾಗುತ್ತದೆ. ಹರಡುವ ಕಪ್ಪು ಮಚ್ಚೆ, ಮಾಯದ ಹುಣ್ಣು, ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪು ಗೆರೆ ಕಂಡರೆ ಚರ್ಮರೋಗ ವೈದ್ಯರಿಗೆ ತಡಮಾಡದೆ ತೋರಿಸಬೇಕು. ಚಿಕಿತ್ಸೆ ಮುಗಿದವರು ಮೈಗೆ ಹಾಯೆನಿಸಿದರೂ ವೈದ್ಯರು ಹೇಳಿದ ದಿನ ತಪಾಸಣೆಗೆ ಹೋಗಬೇಕಾದದ್ದು, ಉಳಿದಿರಬಹುದಾದ ಈ ನಿಧಾನಗತಿಯ ಕೋಶಗಳ ಕಾರಣಕ್ಕೂ ಹೌದು.