ಗದಗ ಸೀಮೆಯ ದಾರಿಗೆ ಸಣ್ಣ ಕಾರು, ಸರಿಯಾದ ಟೈರು

ನಿಮ್ಮ ಕಾರಿನ ಟೈರಿನ ಪಕ್ಕ ಕುಳಿತು ಒಮ್ಮೆ ನೋಡಿ. ಕಂಪನಿಯ ದೊಡ್ಡ ಹೆಸರಿನ ಆಚೆ ‘165/80 ಆರ್ 14 85ಟಿ’ ಎಂಬಂಥ ಒಂದು ಸಾಲು ಇರುತ್ತದೆ. ಹಳೆಯ ಟೈರು ತೆಗೆದು ಹೊಸದು ಹಾಕಿಸುವಾಗ ಅಂಗಡಿಯವರು ಮೊದಲು ನೋಡುವುದು ಇದನ್ನೇ. ಅದನ್ನು ಓದುವುದು ನಿಮಗೂ ಗೊತ್ತಿರಲಿ.

165 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಶೇಕಡಾ ಲೆಕ್ಕ: ಅಗಲದ ನೂರಕ್ಕೆ ಎಂಬತ್ತು ಪಾಲಿನಷ್ಟು ಮಗ್ಗುಲಿನ ಎತ್ತರ. ಮಗ್ಗುಲು ಅಂದರೆ ಸೈಡ್‌ವಾಲ್, ರಿಮ್ಮಿನ ಅಂಚಿಗೂ ನೆಲಕ್ಕೂ ನಡುವೆ ಇರುವ ರಬ್ಬರು. 165ಕ್ಕೆ ಶೇ 80 ಅಂದರೆ 132 ಮಿಮೀ. ‘ಆರ್’ ಅಂದರೆ ರೇಡಿಯಲ್. ಒಳಗಿನ ದಾರದ ಎಳೆಗಳನ್ನು ಈ ಅಂಚಿನಿಂದ ಆ ಅಂಚಿಗೆ ನೇರ ಅಡ್ಡಲಾಗಿ ಹಾಸಿದ ಟೈರು. ಈಗಿನ ಕಾರುಗಳಿಗೆಲ್ಲ ಇದೇ ಬರುತ್ತದೆ. 14 ರಿಮ್ಮಿನ ವ್ಯಾಸ, ಇಂಚಿನಲ್ಲಿ. 85 ಭಾರದ ಗುರುತು: ಒಂದು ಟೈರು 515 ಕಿಲೋ ತನಕ ಹೊರಬಲ್ಲದು. ‘ಟಿ’ ವೇಗದ ಗುರುತು: ಗಂಟೆಗೆ 190 ಕಿಮೀ ಮಿತಿ. ಆ ವೇಗ ನಮಗೆ ಬೇಕಿಲ್ಲ. ಭಾರದ ಅಂಕಿ ಮಾತ್ರ ಕಾರಿನ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಆಗಕೂಡದು.

ಇದರಲ್ಲಿ ನಮ್ಮ ಭಾಗದವರು ಹೆಚ್ಚು ಗಮನಿಸಬೇಕಾದದ್ದು ಮಗ್ಗುಲಿನ ಎತ್ತರ. ಕಾರಣ ನಮ್ಮ ನೆಲದಲ್ಲೇ ಇದೆ. ಗದಗ, ಮುಳಗುಂದ, ಲಕ್ಷ್ಮೇಶ್ವರದ ಸುತ್ತ ಬಹುಪಾಲು ಎರಿ ಭೂಮಿ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ಹಾಸಿದ ಡಾಂಬರು ವರ್ಷದೊಳಗೆ ಅಲೆ ಅಲೆಯಾಗಿ ಏಳುತ್ತದೆ, ಅಂಚು ಒಡೆಯುತ್ತದೆ, ಗುಂಡಿ ಬೀಳುತ್ತದೆ. ಮುಂಡರಗಿ, ಶಿರಹಟ್ಟಿ ಕಡೆಯ ಕಪ್ಪತಗುಡ್ಡದ ಮಗ್ಗುಲಿಗೆ ಹೋದರೆ ಮಸಾರಿ ನೆಲ, ಚೂಪು ಕಲ್ಲು. ಸುಗ್ಗಿಯಲ್ಲಿ ರಸ್ತೆಯ ಮೇಲೆ ಕಾಳು, ಮೆಣಸಿನಕಾಯಿ ಒಣ ಹಾಕಿ ಸುತ್ತ ಕಲ್ಲು ಇಟ್ಟಿರುತ್ತಾರೆ. ರಾಶಿ ಎತ್ತಿದ ಮೇಲೂ ಕಲ್ಲು ಕೆಲವು ಸಲ ಅಲ್ಲೇ ಉಳಿಯುತ್ತವೆ. ಇಂಥ ದಾರಿಯಲ್ಲಿ ಗುಂಡಿಯ ಅಂಚು ಬಡಿದಾಗ ಟೈರು ಒತ್ತಿ ರಿಮ್ಮಿಗೆ ತಾಗುತ್ತದೆ. ನಡುವೆ ಸಿಕ್ಕ ಮಗ್ಗುಲಿನೊಳಗಿನ ದಾರ ಹರಿಯುತ್ತದೆ. ಆಮೇಲೆ ಆ ಜಾಗ ಗಡ್ಡೆಯಂತೆ ಉಬ್ಬುತ್ತದೆ. ಮಗ್ಗುಲು ಎತ್ತರ ಇದ್ದಷ್ಟೂ ಈ ಪೆಟ್ಟು ತಾಳುವ ಶಕ್ತಿ ಹೆಚ್ಚು.

ಆದ್ದರಿಂದ ಕಾರು ಹೋಲಿಸುವಾಗಲೇ ಟೈರನ್ನೂ ಹೋಲಿಸಿ. ಮಾರುತಿ ಸ್ವಿಫ್ಟ್‌ನ ಕೆಳಗಿನ ಮಾದರಿಗೆ 165/80 ಆರ್ 14 ಬರುತ್ತದೆ, ಮೇಲಿನ ಮಾದರಿಗೆ 185/65 ಆರ್ 15. ಎರಡರ ಒಟ್ಟು ವ್ಯಾಸ ಹೆಚ್ಚುಕಡಿಮೆ ಒಂದೇ, ಸುಮಾರು 620 ಮಿಮೀ. ಆದರೆ ಮೊದಲನೆಯದಕ್ಕೆ ಮಗ್ಗುಲು 132 ಮಿಮೀ, ಎರಡನೆಯದಕ್ಕೆ 120. ವ್ಯಾಗನ್‌ಆರ್‌ನ ಒಂದು ಲೀಟರ್ ಎಂಜಿನ್ನಿನ ಗಾಡಿಗೆ 155/80 ಆರ್ 13, ಮಗ್ಗುಲು 124, 1.2 ಲೀಟರಿನದಕ್ಕೆ 165/70 ಆರ್ 14, ಮಗ್ಗುಲು 115ರ ಆಸುಪಾಸು. ಹ್ಯುಂಡೈ ಗ್ರ್ಯಾಂಡ್ ಐ10 ನಿಯಾಸ್‌ನ ಮೇಲಿನ ಮಾದರಿಯ 175/60 ಆರ್ 15 ಟೈರಿಗೆ ಮಗ್ಗುಲು ಬರೀ 105. ಅದಕ್ಕಿಂತ ಅಗ್ಗದ ಆಲ್ಟೊ ಕೆ10ರ 145/80 ಆರ್ 13ಕ್ಕೆ 116! ಟಾಟಾ ಪಂಚ್‌ನ ಕೆಳಗಿನ ಮಾದರಿಯ 185/70 ಆರ್ 15ಕ್ಕೆ ಸುಮಾರು 130 ಸಿಗುತ್ತದೆ.

ದೊಡ್ಡ ಅಲಾಯ್ ಚಕ್ರ ನೋಡಲು ಚಂದ, ಹೈವೇ ತಿರುವಿನಲ್ಲಿ ಹಿಡಿತವೂ ಚೆನ್ನ. ಹುಬ್ಬಳ್ಳಿ–ಗದಗ–ಕೊಪ್ಪಳದ ರಾಷ್ಟ್ರೀಯ ಹೆದ್ದಾರಿ 67ರ ಮೇಲಷ್ಟೇ ಓಡಾಡುವವರು ಅದನ್ನು ಕೊಳ್ಳಲಿ. ದಿನಾ ಹಳ್ಳಿ ದಾರಿ ಹಿಡಿಯುವವರಿಗೆ 13 ಇಲ್ಲವೆ 14 ಇಂಚಿನ ಉಕ್ಕಿನ ರಿಮ್ಮೇ ಮೇಲು ಎಂಬುದು ನನ್ನ ಅಭಿಪ್ರಾಯ. ಉಕ್ಕಿನ ರಿಮ್ಮು ಬಾಗಿದರೆ ಬಡಿದು ಸರಿಮಾಡಬಹುದು, ಅಲಾಯ್ ಸೀಳುತ್ತದೆ. ಸಣ್ಣ ರಿಮ್ಮಿನ ಟೈರಿನ ಬೆಲೆಯೂ ಕಡಿಮೆ, ಸಣ್ಣ ಊರಿನ ಅಂಗಡಿಯಲ್ಲೂ ಸಿಗುವ ಸಾಧ್ಯತೆ ಹೆಚ್ಚು.

ಯಾವಾಗ ಬದಲಿಸಬೇಕು? ನೆಲಕ್ಕೆ ತಾಗುವ ಭಾಗಕ್ಕೆ ಟ್ರೆಡ್ ಅನ್ನುತ್ತಾರೆ. ಅದರ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಮ್ಮಿಗಳಿರುತ್ತವೆ. ಟ್ರೆಡ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ಉಳಿದ ಆಳ 1.6 ಮಿಮೀ ಎಂದರ್ಥ. ಕೇಂದ್ರ ಮೋಟಾರು ವಾಹನ ನಿಯಮದಂತೆ ಕಾರಿಗೆ ಇದೇ ಕೊನೆಯ ಮಿತಿ. ಮಳೆಗಾಲ ಹತ್ತಿರವಿದ್ದರೆ 3 ಮಿಮೀಗೇ ಬದಲಿಸುವುದು ಕ್ಷೇಮ. ಗೀರು ನೀರನ್ನು ಹೊರಗೆ ತಳ್ಳದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ, ಆಗ ಬ್ರೇಕೂ ಸ್ಟಿಯರಿಂಗೂ ಕೈಗೆ ಸಿಗುವುದಿಲ್ಲ. ಇನ್ನು ಮಗ್ಗುಲಲ್ಲಿ ಗಡ್ಡೆ ಎದ್ದಿದ್ದರೆ ಟ್ರೆಡ್ ಹೊಸದಿದ್ದರೂ ಆ ಟೈರು ಮುಗಿದಂತೆ. ಅದಕ್ಕೆ ರಿಪೇರಿ ಇಲ್ಲ.

ನಮ್ಮಲ್ಲಿ ಬಹಳ ಜನ ಮರೆಯುವುದು ವಯಸ್ಸನ್ನು. ಮಗ್ಗುಲಲ್ಲಿ ‘ಡಿಒಟಿ’ ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 1424 ಎಂದಿದ್ದರೆ 2024ರ 14ನೇ ವಾರ ತಯಾರಾದದ್ದು. ಒಂದೇ ಪಕ್ಕದಲ್ಲಿ ಈ ಅಂಕಿ ಇರುವುದೂ ಉಂಟು. ಹೊರಗೆ ಕಾಣದಿದ್ದರೆ ಗಾಡಿಯ ಅಡಿ ಬಗ್ಗಿ ಒಳಮಗ್ಗುಲು ನೋಡಿ.

ವಯಸ್ಸು ಯಾಕೆ ಮುಖ್ಯ? ಲೆಕ್ಕ ಹಾಕಿ ನೋಡೋಣ. ಮುಂಡರಗಿಯಿಂದ ಗದಗಕ್ಕೆ ಸುಮಾರು 40 ಕಿಮೀ. ನೌಕರಿಗಾಗಿ ದಿನಾ ಹೋಗಿಬರುವವರ ಗಾಡಿ ತಿಂಗಳಿಗೆ 2,000 ಕಿಮೀ ಓಡುತ್ತದೆ. 40,000 ಕಿಮೀ ಬಾಳುವ ಟೈರು ಎರಡು ವರ್ಷದೊಳಗೆ ಸವೆಯುತ್ತದೆ. ಮದುವೆ, ಜಾತ್ರೆ, ದವಾಖಾನೆಗೆ ಮಾತ್ರ ತೆಗೆಯುವ ಗಾಡಿ ತಿಂಗಳಿಗೆ 500 ಕಿಮೀ ಓಡಿದರೆ ಅದೇ ಟೈರು ಸವೆಯಲು ಆರೂವರೆ ವರ್ಷಕ್ಕಿಂತ ಹೆಚ್ಚು ಬೇಕು. ಅಷ್ಟರಲ್ಲಿ ನಮ್ಮ ಬಿಸಿಲಿಗೆ ರಬ್ಬರು ಒಣಗಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಟ್ರೆಡ್ ತುಂಬಿದಂತೆ ಕಂಡರೂ ಹಿಡಿತ ಇರುವುದಿಲ್ಲ. ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಿ, ಬಿರುಕು ಕಂಡರೆ ಬದಲಿಸಿ. ಹತ್ತು ವರ್ಷ ದಾಟಿದ್ದನ್ನು ಸ್ಟೆಪ್ನಿಯಾಗಿಯೂ ಇಟ್ಟುಕೊಳ್ಳಬೇಡಿ.

ಹೀಗಾಗಿ ‘ಲಕ್ಷ ಕಿಲೋಮೀಟರ್ ಬರುತ್ತದೆ’ ಎಂಬ ಟೈರು ಎಲ್ಲರಿಗೂ ಲಾಭವಲ್ಲ. ಹೆಚ್ಚು ಬಾಳುವ ಟೈರಿನ ರಬ್ಬರು ಸಾಮಾನ್ಯವಾಗಿ ಗಟ್ಟಿ. ಒದ್ದೆ ರಸ್ತೆಯಲ್ಲಿ ಹಿಡಿತ ತುಸು ಕಡಿಮೆ, ಸದ್ದು ಹೆಚ್ಚು. ದಿನವೂ ಹುಬ್ಬಳ್ಳಿಗೆ ಓಡಿಸುವವರಿಗೆ, ಬಾಡಿಗೆ ಗಾಡಿಯವರಿಗೆ ಅದು ಸರಿ. ಕಡಿಮೆ ಓಡುವ ಗಾಡಿಗೆ ಸಾಧಾರಣ ಬೆಲೆಯ, ಮೆತ್ತನೆ ರಬ್ಬರಿನ, ಹೊಸ ತಾರೀಕಿನ ಟೈರೇ ಒಳ್ಳೆಯದು. ಕಂಪನಿಯ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ, ಬ್ರಿಜ್‌ಸ್ಟೋನ್, ಗುಡ್‌ಇಯರ್ ಎಲ್ಲವೂ ಈ ಅಳತೆಗಳಲ್ಲಿ ಟೈರು ಮಾಡುತ್ತವೆ. ನಮ್ಮ ಮೈಸೂರಿನ ವಿಕ್ರಾಂತ್ ಕಾರ್ಖಾನೆ ಈಗ ಜೆಕೆಯವರದು. ಐಎಸ್‌ಐ ಗುರುತು ಇರಲಿ, ಒಂದೇ ಅಚ್ಚಿನ ಎರಡೂ ಕಡೆ ಒಂದೇ ಕಂಪನಿಯ ಒಂದೇ ಮಾದರಿ ಇರಲಿ, ತಾರೀಕು ಆರು ತಿಂಗಳಿಗಿಂತ ಹಳೆಯದಾಗದಿರಲಿ. ಅಂಗಡಿಯವರು ರಿಮ್ಮಿಗೆ ಏರಿಸುವ ಮೊದಲೇ ತಾರೀಕು ನೋಡಿ. ಏರಿಸಿದ ಮೇಲೆ ವಾಪಸ್ ತೆಗೆದುಕೊಳ್ಳುವುದು ಕಷ್ಟ.

“ಅಗಲ ಟೈರ್ ಹಾಕಿಸಿದ್ರ ಗಾಡಿ ಗಟ್ಟಿ ಹಿಡಿತೈತಿ ಅಲ್ರೀ?” ಎಂದು ಕೇಳುವವರಿದ್ದಾರೆ. ಒಣ ಡಾಂಬರಿನಲ್ಲಿ ಸ್ವಲ್ಪ ಹೌದು. ಆದರೆ ಸ್ಟಿಯರಿಂಗ್ ಭಾರವಾಗುತ್ತದೆ, ಮೈಲೇಜ್ ಇಳಿಯುತ್ತದೆ, ನೀರಿನಲ್ಲಿ ತೇಲುವುದೂ ಬೇಗ. ಹಾಕಿಸಲೇಬೇಕೆಂದರೆ ಒಂದು ಮೆಟ್ಟಿಲು ಮಾತ್ರ ಏರಿ, ಒಟ್ಟು ವ್ಯಾಸದಲ್ಲಿ ಶೇ 3ಕ್ಕಿಂತ ಹೆಚ್ಚು ವ್ಯತ್ಯಾಸ ಬೇಡ. ವ್ಯಾಸ ಬದಲಾದರೆ ಸ್ಪೀಡೋಮೀಟರ್ ತಪ್ಪು ತೋರಿಸುತ್ತದೆ, ಸ್ಟಿಯರಿಂಗ್ ಪೂರಾ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜಬಹುದು. ಇನ್ನು ಎರಿ ಹೊಲದ ಹಸಿ ಕೆಸರಿಗೆ ಅಗಲ ಟೈರೂ ಆಗುವುದಿಲ್ಲ, ಸಪೂರ ಟೈರೂ ಆಗುವುದಿಲ್ಲ. ಆ ಮಣ್ಣು ಗೀರೊಳಗೆ ತುಂಬಿ ಟೈರನ್ನೇ ಬೋಳು ಮಾಡಿಬಿಡುತ್ತದೆ. ಗಾಡಿ ರಸ್ತೆಯಲ್ಲೇ ನಿಲ್ಲಿಸಿ ನಡೆದು ಹೋಗಿ.

ಎರಡೇ ಟೈರು ಕೊಳ್ಳುವವರಿಗೆ ಒಂದು ವಿಷಯ ಒತ್ತಿ ಹೇಳಬೇಕು. ಎಂಜಿನ್ ಬಲವೂ ಸ್ಟಿಯರಿಂಗೂ ಮುಂದಿನ ಚಕ್ರಕ್ಕೇ ಇರುವುದರಿಂದ ಸಣ್ಣ ಕಾರುಗಳಲ್ಲಿ ಮುಂದಿನವೇ ಬೇಗ ಸವೆಯುತ್ತವೆ. ಹೊಸವನ್ನೂ ಮುಂದಕ್ಕೇ ಹಾಕಿ ಕಳಿಸುವುದು ನಮ್ಮಲ್ಲಿ ರೂಢಿ. ಹಾಗೆ ಮಾಡಬೇಡಿ. ಹಿಂದಿನ ಎರಡನ್ನು ಮುಂದಕ್ಕೆ ತಂದು ಹೊಸ ಎರಡನ್ನು ಹಿಂದಕ್ಕೆ ಹಾಕಿಸಿ. ಮಳೆಯಲ್ಲಿ ಮುಂದಿನ ಟೈರು ಜಾರಿದರೆ ಕಾರು ತಿರುಗದೆ ನೇರ ಹೋಗುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ವೇಗ ಇಳಿದು ಹಿಡಿತ ಮರಳುತ್ತದೆ. ಹಿಂದಿನ ಟೈರು ಜಾರಿದರೆ ಗಾಡಿಯ ಹಿಂಭಾಗವೇ ಅಡ್ಡ ತಿರುಗುತ್ತದೆ. ಆ ಕ್ಷಣದಲ್ಲಿ ಅದನ್ನು ಹಿಡಿದು ನಿಲ್ಲಿಸುವುದು ನುರಿತ ಚಾಲಕರಿಗೂ ಕಷ್ಟ. ಟೈರು ಕಂಪನಿಗಳೇ ಹೇಳುವ ಮಾತಿದು. ಅಂಗಡಿಯಲ್ಲಿ ಬೇರೆ ಹೇಳಿದರೂ ನೀವು ಕೇಳಿ ಮಾಡಿಸಿಕೊಳ್ಳಿ.

ಹವಾ ವಿಷಯಕ್ಕೆ ಬರೋಣ. ಎಷ್ಟು ಪಿಎಸ್‌ಐ ಬೇಕು ಎಂಬುದು ಚಾಲಕನ ಬಾಗಿಲು ತೆರೆದಾಗ ಕಂಬದ ಮೇಲಿರುವ ಚೀಟಿಯಲ್ಲಿ ಬರೆದಿರುತ್ತದೆ. ಪಿಎಸ್‌ಐ ಎಂಬುದು ಒತ್ತಡದ ಅಳತೆ. ಚೀಟಿಯಲ್ಲಿ ಇಬ್ಬರಿಗೆ ಒಂದು, ಪೂರ್ಣ ಭಾರಕ್ಕೆ ಒಂದು ಎಂದು ಎರಡು ಅಂಕಿಯೂ ಇರಬಹುದು. ಶಿರಹಟ್ಟಿಯ ಫಕೀರೇಶ್ವರ ಜಾತ್ರೆಗೆ ಮನೆ ಮಂದಿಯೆಲ್ಲ ಹೊರಟಿದ್ದರೆ ಎರಡನೆಯದನ್ನು ನೋಡಿ. ಬೆಳಿಗ್ಗೆ ಗಾಡಿ ಬಿಸಿಯಾಗುವ ಮೊದಲು ಅಳೆಯಿಸಿ. ಓಡಿದ ಮೇಲೆ ಒತ್ತಡ ತಾನಾಗಿ ಏರುತ್ತದೆ, ಅದನ್ನು ಕಂಡು ಹವಾ ಬಿಡಬೇಡಿ. “ಬ್ಯಾಸಗ್ಯಾಗ ಹವಾ ಕಡಿಮಿ ಇಡ್ರಿ” ಎಂಬ ಸಲಹೆ ಅಪಾಯದ್ದು. ಹವಾ ಕಡಿಮೆಯಾದರೆ ಮಗ್ಗುಲು ಪ್ರತಿ ಸುತ್ತಿಗೂ ಹೆಚ್ಚು ಮಡಚುತ್ತದೆ, ಮಡಚಿದಷ್ಟೂ ಬಿಸಿಯಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಟೈರು ಸಿಡಿಯಲು ಇದು ಮುಖ್ಯ ಕಾರಣಗಳಲ್ಲಿ ಒಂದು. ನೈಟ್ರೋಜನ್ ತುಂಬಿಸಬೇಕೇ? ಸಾದಾ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಪುಕ್ಕಟೆ ಸಿಕ್ಕರೆ ತುಂಬಿಸಿ. ಇಲ್ಲದಿದ್ದರೆ ಹದಿನೈದು ದಿನಕ್ಕೊಮ್ಮೆ ಸಾದಾ ಹವಾ ನೋಡಿಸಿದರೆ ಸಾಕು.

ಬಳ್ಳಾರಿ ಜಾಲಿಯ ಮುಳ್ಳು ನಮ್ಮ ಕಡೆ ತಪ್ಪದ ಕಾಟ. ಟ್ಯೂಬ್‌ಲೆಸ್ ಟೈರಿಗೆ ಮುಳ್ಳು ಚುಚ್ಚಿದರೆ ಹವಾ ಒಮ್ಮೆಲೇ ಹೋಗದೆ ನಿಧಾನ ಸೋರುತ್ತದೆ. ದಾರಿಯಲ್ಲಿ ಮುಳ್ಳು ಕೀಳಬೇಡಿ, ಪಂಕ್ಚರ್ ಅಂಗಡಿ ತನಕ ಹಾಗೇ ತನ್ನಿ. ಹೊರಗಿನಿಂದ ಬತ್ತಿ ತುರುಕುವುದು ತಾತ್ಕಾಲಿಕ; ಟೈರು ಬಿಚ್ಚಿ ಒಳಗಿನಿಂದ ಹಾಕುವ ಮಶ್ರೂಮ್ ಪ್ಯಾಚ್ ಬಾಳುತ್ತದೆ. ಮಗ್ಗುಲಿಗೆ ಚುಚ್ಚಿದ ತೂತಿಗೆ ಎರಡೂ ಬೇಡ.

ಖರ್ಚು ಎಷ್ಟು? ಅಂದಾಜು ಹೇಳುವುದಾದರೆ 13 ಇಂಚಿನದು ಒಂದಕ್ಕೆ 2,800ರಿಂದ 4,000 ರೂಪಾಯಿ, 14 ಇಂಚಿನದು 3,800ರಿಂದ 5,500, 15 ಇಂಚಿನದು 5,000ರಿಂದ 7,500. ಕಾರಿನ ಹೊಸ ಟೈರಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಮೂಲ ಬೆಲೆ 3,000 ಇದ್ದರೆ ಮೊದಲು 3,840 ಆಗುತ್ತಿತ್ತು, ಈಗ 3,540. ಬಿಲ್ಲಿನಲ್ಲಿ ಶೇ 18 ಎಂದಿದೆಯೇ ನೋಡಿ. ಅಂದೇ ಸಣ್ಣ ಕಾರುಗಳ ತೆರಿಗೆಯೂ ಶೇ 18ಕ್ಕೆ ಇಳಿಯಿತು. ನಾಲ್ಕು ಮೀಟರಿನೊಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಮತ್ತು 1500 ಸಿಸಿ ಒಳಗಿನ ಡೀಸೆಲ್ ಕಾರುಗಳಿಗೆ ಇದು ಅನ್ವಯ. ಹಳೆಯ ಕಾರಿಗೆ ನಾಲ್ಕು ಟೈರು ಹಾಕಿಸುವುದೋ, ಗಾಡಿಯನ್ನೇ ಬದಲಿಸುವುದೋ ಎಂದು ಯೋಚಿಸುವವರು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ವಿಮೆಯಿಂದ ಹೆಚ್ಚು ನಿರೀಕ್ಷೆ ಬೇಡ. ಸಾಮಾನ್ಯ ಸಮಗ್ರ ವಿಮೆಯಲ್ಲಿ ಬರೀ ಟೈರು ಒಡೆದರೆ ಹಣ ಬರುವುದಿಲ್ಲ. ಅಪಘಾತದಲ್ಲಿ ಗಾಡಿಯ ಜೊತೆ ಹಾಳಾದರೂ ಟೈರಿಗೆ ಅರ್ಧ ಸವಕಳಿ ಕಳೆದು ಕೊಡುತ್ತಾರೆ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರು ಊರಿನಲ್ಲೇ ಟೈರು ಕೊಳ್ಳುವುದಾದರೆ ಮೊದಲು ಒಂದು ವಿಚಾರಿಸಿ: ಕಂಪ್ಯೂಟರ್ ಅಲೈನ್‌ಮೆಂಟ್ ಯಂತ್ರ ಅಲ್ಲಿದೆಯೇ? ಅಲೈನ್‌ಮೆಂಟ್ ಅಂದರೆ ಚಕ್ರಗಳ ಕೋನ ಸರಿಪಡಿಸುವುದು, ಬ್ಯಾಲೆನ್ಸಿಂಗ್ ಅಂದರೆ ಚಕ್ರದ ಸುತ್ತ ತೂಕ ಸಮ ಮಾಡುವುದು. ಗುಂಡಿ ದಾರಿಯಲ್ಲಿ ಓಡಿದ ಗಾಡಿಯ ಕೋನ ಕೆಟ್ಟೇ ಇರುತ್ತದೆ. ಅದನ್ನು ಸರಿಪಡಿಸದೆ ಹೊಸ ಟೈರು ಹಾಕಿದರೆ ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಒಂದು ಅಂಚು ಸವೆದು ಹೋಗುತ್ತದೆ. ಯಂತ್ರ ಇಲ್ಲದಿದ್ದರೆ ಗದಗಕ್ಕೇ ಬನ್ನಿ. ಮೊದಲೇ ಫೋನು ಮಾಡಿ ಅಳತೆ ಹೇಳಿ, ತಾರೀಕು ಕೇಳಿ, ಎರಡು ಮೂರು ಕಡೆ ಬೆಲೆ ವಿಚಾರಿಸಿ. ಫಿಟಿಂಗ್, ಹೊಸ ವಾಲ್ವ್, ಬ್ಯಾಲೆನ್ಸಿಂಗ್ ಬೆಲೆಯೊಳಗೇ ಬರುತ್ತವೆಯೋ ಬೇರೆಯೋ ಎಂದೂ ಕೇಳಿ. ಹಳೆಯ ಟೈರಿಗೆ ಎಷ್ಟು ಕಳೆಯುತ್ತಾರೆ ಎಂಬುದನ್ನೂ ಬಿಡಬೇಡಿ.

ತಯಾರಿಕೆಯ ದೋಷಕ್ಕೆ ಕಂಪನಿ ಗ್ಯಾರಂಟಿ ಕೊಡುತ್ತದೆ. ಅದಕ್ಕೆ ಬಿಲ್ಲು ಬೇಕು, ಜೋಪಾನವಾಗಿಡಿ. ಹೊಸ ಟೈರು ಹಾಕಿಸಿ ನೂರು ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟು ಮತ್ತೊಮ್ಮೆ ಬಿಗಿ ಮಾಡಿಸಿ. ಎಂಟು ಹತ್ತು ಸಾವಿರಕ್ಕೊಮ್ಮೆ ಹಿಂದುಮುಂದಿನ ಟೈರು ಅದಲುಬದಲು ಮಾಡಿಸಿ, ಅದೇ ದಿನ ಡಿಕ್ಕಿಯೊಳಗಿನ ಸ್ಟೆಪ್ನಿಗೂ ಹವಾ ನೋಡಿಸಿ.