ಕಬ್ಬಿಣದ ಗೇಟಿಗೆ ತೇಗದ ಬಣ್ಣ: ವರ್ಷ ತುಂಬೋ ಮೊದಲೇ ಸುಲಿಯುವುದು ಯಾಕೆ?

ಸುಗಟೂರು: ದೂರದಿಂದ ನೋಡಿದರೆ ಥೇಟ್ ತೇಗದ ಗೇಟು. ಹತ್ತಿರ ಹೋಗಿ ಬೆರಳಲ್ಲಿ ತಟ್ಟಿದರೆ ‘ಟಣ್’ ಅನ್ನುತ್ತದೆ. ಕಬ್ಬಿಣದ ಮೇಲೆ ಮರದ ಗೆರೆ, ಗಂಟು ಮೂಡಿಸುವ ‘ವುಡ್ ಫಿನಿಶ್’ ಪೇಂಟಿಂಗ್ ಈಗ ಹಳ್ಳಿಯ ಹೊಸ ಮನೆಗಳಿಗೂ, ಅಂಗಡಿ ಬಾಗಿಲಿಗೂ ಬಂದಿದೆ. ತೇಗದ ರೇಟು ಕೇಳಿ ಬೆಚ್ಚಿದವರಿಗೆ ಇದು ಒಳ್ಳೆ ದಾರಿಯೇ. ಆದರೆ ಮರುವರ್ಷವೇ ಬಣ್ಣ ಹಪ್ಪಳದಂತೆ ಎದ್ದು ಬಂದರೆ ಕೊಟ್ಟ ದುಡ್ಡು ನೀರುಪಾಲು. ಆಗ ಬೈಸಿಕೊಳ್ಳುವುದು ಗೆರೆ ಎಳೆದ ಪೇಂಟರ್. ತಪ್ಪು ಇರುವುದು ಹೆಚ್ಚಾಗಿ ಗೆರೆಯಲ್ಲಲ್ಲ, ಗೆರೆಯ ಕೆಳಗೆ ಮತ್ತು ಮೇಲೆ.

ಮೊದಲು ಯಾವ ಲೋಹ ಅಂತ ನೋಡಬೇಕು. ಮಾಮೂಲಿ ಕಬ್ಬಿಣವಾದರೆ ತುಕ್ಕನ್ನು ತಂತಿ ಬ್ರಷ್, ಉಪ್ಪು ಕಾಗದದಲ್ಲಿ ಉಜ್ಜಿ ತೆಗೆದು, ತಿನ್ನರ್ ಬಟ್ಟೆಯಲ್ಲಿ ಒರೆಸಿ, ತುಕ್ಕು ತಡೆಯುವ ಪ್ರೈಮರ್ ಹೊಡೆದರೆ ಆಯಿತು. ಶೀಟು ಬೆಳ್ಳಿಯಂತೆ ಹೊಳೆಯುತ್ತಾ, ಮೇಲೆ ಹೂವಿನಂಥ ಚಿತ್ತಾರ ಇದ್ದರೆ ಅದು ಜಿ.ಐ., ಅಂದರೆ ಸತುವಿನ ಲೇಪ ಕೊಟ್ಟ ತಗಡು. ಇಲ್ಲೇ ಹೆಚ್ಚಿನವರು ಎಡವುವುದು. ಎಣ್ಣೆ ಬೇಸಿನ ಎನಾಮಲ್‌ ಆಗಲಿ, ಮಾಮೂಲಿ ರೆಡ್ ಆಕ್ಸೈಡ್ ಆಗಲಿ ನೇರ ಸತುವಿನ ಮೇಲೆ ಬಿದ್ದರೆ ಎರಡೂ ನಿಧಾನಕ್ಕೆ ಸೇರಿ ಸೋಪಿನಂಥ ಪದರ ಆಗುತ್ತದೆ. ಮೇಲಿನ ಬಣ್ಣಕ್ಕೆ ಹಿಡಿತವೇ ಇರುವುದಿಲ್ಲ. ಜಿ.ಐ.ಗೆ ಮೊದಲು ಸೋಪು ನೀರಲ್ಲಿ ಎಣ್ಣೆ ಜಿಡ್ಡು ತೆಗೆದು, ಎಚಿಂಗ್ ಪ್ರೈಮರ್ ಹೊಡೆಯಲೇಬೇಕು. ಇದನ್ನು ಬಿಟ್ಟು ಉಳಿಸುವುದು ಒಂದು ಡಬ್ಬಿ ದುಡ್ಡು, ಹೋಗುವುದು ಇಡೀ ಕೂಲಿ.

ತೊಳೆಯುವ ನೀರೂ ಲೆಕ್ಕಕ್ಕೆ ಬರುತ್ತದೆ. ಬೋರ್‌ವೆಲ್ ಗಡಸು ನೀರು ಒಣಗಿದ ಮೇಲೆ ಬಿಳಿ ಕಲೆ ಬಿಡುವುದು ಕೋಲಾರದ ಮಂದಿಗೆ ಹೇಳಿಕೊಡಬೇಕಿಲ್ಲ. ಆ ಉಪ್ಪು ಬಣ್ಣದ ಕೆಳಗೆ ಉಳಿದರೆ ತೇವ ಎಳೆದುಕೊಂಡು ಗುಳ್ಳೆ ಏಳುತ್ತದೆ. ಕೊನೆಗೆ ಒಂದು ಬಕೆಟ್ ಫಿಲ್ಟರ್ ನೀರಲ್ಲಿ ಒರೆಸಿಬಿಡುವುದು ಮೇಲು.

ಇನ್ನು ಗೆರೆಯ ಕೆಲಸ. ಮೊದಲು ತಿಳಿ ಬಿಸ್ಕತ್ ಅಥವಾ ಹಳದಿ ಕಂದು ಬೇಸ್. ಅದು ಪೂರ್ತಿ ಒಣಗಿದ ಮೇಲೆ ತೆಳುವಾದ ಗಾಢ ಕಂದು ಬಣ್ಣ ಬಳಿದು, ಹಸಿ ಇರುವಾಗಲೇ ರಬ್ಬರ್ ಬಾಚಣಿಗೆ ಎಳೆಯುತ್ತಾರೆ. ಗಂಟು ಬೇಕಾದರೆ ಬಾಗಿದ ರಬ್ಬರ್ ಅಚ್ಚನ್ನು ಮುಂದಕ್ಕೆ ಎಳೆಯುತ್ತಾ ತೊಟ್ಟಿಲಿನಂತೆ ತೂಗಬೇಕು. ಆಮೇಲೆ ಒಣ ಬ್ರಷ್ಷನ್ನು ಮೆಲ್ಲಗೆ ಆಡಿಸಿದರೆ ಗೆರೆ ಮೃದುವಾಗುತ್ತದೆ. ಒಳ್ಳೆ ಕೈ ಯಾವುದು ಅಂತ ಗೊತ್ತಾಗುವುದು ಮೂಲೆಯಲ್ಲಿ. ಬಡಗಿ ಮರ ಜೋಡಿಸುವ ಹಾಗೆ ನಿಂತ ಪಟ್ಟಿಗೆ ಉದ್ದ ಗೆರೆ, ಅಡ್ಡ ಪಟ್ಟಿಗೆ ಅಡ್ಡ ಗೆರೆ ಇರಬೇಕು. ಸೇರುವ ಕಡೆ ಟೇಪು ಅಂಟಿಸಿ ಒಂದೊಂದೇ ಪಟ್ಟಿ ಮುಗಿಸಬೇಕು. ಅಂಗೈ ಅಗಲಕ್ಕೊಂದು ಗಂಟು ಹಾಕಿದರೆ ಮರವಲ್ಲ, ಚಿರತೆ ಚರ್ಮ!

ಮೇಲಿನ ಕ್ಲಿಯರ್ ಕೋಟ್‌ನಲ್ಲಿ ಎರಡನೇ ಮೋಸ. ಮನೆಯೊಳಗಿನ ಫರ್ನಿಚರ್‌ಗೆ ಹೊಡೆಯುವ ಮೆಲಮೈನ್ ಬಿಸಿಲಿಗೆ ಹಳದಿಯಾಗಿ ಬಿರುಕು ಬಿಡುತ್ತದೆ. ಡಬ್ಬಿ ಮೇಲೆ ‘ಎಕ್ಸ್‌ಟೀರಿಯರ್’ ಅಂತ ಬರೆದಿರುವ ಪಿ.ಯು. ಕೇಳಿ ತರಬೇಕು. ಆದರೆ ಎರಡು ಡಬ್ಬಿ ಬೆರೆಸುವ ಪಿ.ಯು.ವನ್ನು ಮಾಮೂಲಿ ಎನಾಮಲ್ ಮೇಲೆ ಹೊಡೆದರೆ ಎನಾಮಲ್ ಸುಕ್ಕಾಗಿ ಏಳಬಹುದು. ಹಾಗಾಗಿ ಪ್ರೈಮರ್‌ನಿಂದ ಕ್ಲಿಯರ್‌ವರೆಗೂ ಒಂದಕ್ಕೊಂದು ಹೊಂದುವ ಮಾಲು ಅಂತ ಅಂಗಡಿಯಲ್ಲಿ ಕೇಳಿಕೊಂಡೇ ತರಬೇಕು. ಇದನ್ನು ಸ್ಪ್ರೇ ಮಾಡುವವರಿಗೆ ಕರ್ಚೀಫು ಸಾಲದು, ಸರಿಯಾದ ಮಾಸ್ಕ್ ಬೇಕು.

ಹಳೇ ಗೇಟು ಉಜ್ಜುವಾಗಲೂ ಜೋಪಾನ. ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ಕೇಂದ್ರದ ನಿಯಮ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು. ನೀರು ಹಾಕಿಕೊಂಡು ಉಜ್ಜಿ, ಮಕ್ಕಳನ್ನು ದೂರ ಇಡಿ.

ಅಂಗಡಿಯವರಿಗೆ ಒಂದು ಮಾತು: ರೋಲಿಂಗ್ ಶಟರ್‌ಗೆ ಕೈಯಲ್ಲಿ ಗೆರೆ ಹಾಕಿಸುವುದು ದಂಡ. ದಿನಾ ಸುತ್ತಿಕೊಳ್ಳುವಾಗ ಪಟ್ಟಿ ಪಟ್ಟಿಗೆ ಉಜ್ಜಿ ಗೆರೆ ಸವೆಯುತ್ತದೆ. ಅದೇ ಖರ್ಚನ್ನು ಪಕ್ಕದ ಚೌಕಟ್ಟು, ಬೋರ್ಡಿನ ಫ್ರೇಮಿಗೆ ಹಾಕಿದರೆ ಲಕ್ಷಣವಾಗಿರುತ್ತದೆ. ಫ್ಯಾಕ್ಟರಿಯಿಂದ ಬರುವ ಸ್ಟೀಲ್ ಬಾಗಿಲಿನ ಮರದ ಡಿಸೈನ್ ಬೇರೆಯೇ ಜಾತಿ. ಅಲ್ಲಿ ಪೌಡರ್ ಕೋಟಿಂಗ್ ಮೇಲೆ ಅಚ್ಚಿನ ಹಾಳೆ ಸುತ್ತಿ ಒಲೆಯಲ್ಲಿ ಕಾಯಿಸಿ, ಶಾಯಿಯನ್ನು ಬಣ್ಣದೊಳಗೇ ಇಳಿಸಿರುತ್ತಾರೆ. ಅದರ ಜೊತೆ ಕೈಕೆಲಸದ ರೇಟು ಹೋಲಿಸಿ ಪೇಂಟರ್ ಹತ್ತಿರ ಚೌಕಾಸಿ ಮಾಡಿ ಲಾಭವಿಲ್ಲ.

ಜಿಲ್ಲೆಗೆ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಾಗಾಗಿ ಸಂಕ್ರಾಂತಿ ಕಳೆದು ಯುಗಾದಿ ಒಳಗೆ ಕೆಲಸ ಇಟ್ಟುಕೊಂಡರೆ ಅನುಕೂಲ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ, ಕಬ್ಬಿಣ ಕೈ ಸುಡುವಷ್ಟು ಕಾಯುವ ಮೊದಲು ನಿಲ್ಲಿಸಬೇಕು.

ಪ್ರೈಮರ್ ಚೆನ್ನಾಗಿ ಒಣಗಿದ ಮೇಲೆ ಗೇಟಿನ ಹಿಂಬದಿ ಕಾಣದ ಜಾಗದಲ್ಲಿ ಬ್ಲೇಡಿನಿಂದ ಚೌಕಳಿಯಾಗಿ ಗೀರಿ, ಟೇಪು ಒತ್ತಿ ಅಂಟಿಸಿ ರಪ್ಪಂತ ಕಿತ್ತು ನೋಡಿ. ಟೇಪಿಗೆ ಪ್ರೈಮರ್ ಚಕ್ಕೆ ಬಂದರೆ ಗೆರೆ ಎಳೆಯಲು ಬಿಡಬೇಡಿ. ಅಷ್ಟನ್ನೂ ಕೆರೆಸಿ ಮತ್ತೆ ಹೊಡೆಸಿ.