ಮೂರು ಪದಗಳ ಅಂಕಣ

ಪ್ರಶ್ನೆ: ಪೈಥಾನ್‌ನ ಪಾಂಡಾಸ್ ಲೈಬ್ರರಿಯಲ್ಲಿ ಪದಗಳ ಅಂಕಣವನ್ನು ‘ಕೆಟಗರಿ’ ಎಂಬ ಬಗೆಗೆ ಮಾರ್ಪಡಿಸುವುದೇಕೆ?

ಉತ್ತರ: ಹತ್ತು ಲಕ್ಷ ಸಾಲುಗಳ ಕೋಷ್ಟಕವೊಂದರಲ್ಲಿ ಮಳೆಯ ಪ್ರಮಾಣವನ್ನು ಸೂಚಿಸುವ ಅಂಕಣವಿದ್ದು, ಅದರಲ್ಲಿ ‘ಅಲ್ಪ’, ‘ಮಧ್ಯಮ’, ‘ಅಧಿಕ’ ಎಂಬ ಮೂರೇ ಪದಗಳು ಪುನಃ ಪುನಃ ಬರುತ್ತಿದ್ದರೆ, ಅವನ್ನು ಸಾಲುಸಾಲಿಗೂ ಪದಗಳಾಗಿಯೇ ನಿರ್ವಹಿಸುವುದು ವ್ಯರ್ಥವಾದ ಶ್ರಮವೆಂಬುದು ಸ್ವಯಂವೇದ್ಯ. 2014ರಲ್ಲಿ 0.15ನೆಯ ಆವೃತ್ತಿಯೊಡನೆ ಪಾಂಡಾಸ್‌ನ ಅಂಕಣಗಳಿಗೆ ದೊರೆತ ಈ ಬಗೆಯು, ಆ ಮೂರು ಪದಗಳನ್ನು ಒಂದು ಪಟ್ಟಿಯಲ್ಲಿ ಒಮ್ಮೆ ಮಾತ್ರ ಬರೆದಿಟ್ಟು, ಸಾಲುಗಳಲ್ಲಿ 0, 1, 2 ಎಂಬ ಸಂಕೇತಾಂಕಗಳನ್ನಷ್ಟೇ ಇರಿಸುತ್ತದೆ. ವರ್ಗಗಳು ಕೆಲವೇ ಆಗಿರುವಾಗ ಒಂದೊಂದು ಸಂಕೇತಕ್ಕೆ ಒಂದೇ ಬೈಟ್ ಸಾಕು, ಮೌಲ್ಯವಿಲ್ಲದ ಸ್ಥಾನಕ್ಕೆ -1 ಎಂಬ ಗುರುತು. ಸಾಲಿಗೊಂದು ಬೇರೆಯ ಪದವಿರುವ ಅಂಕಣಕ್ಕೆ ಇದರಿಂದ ಪ್ರಯೋಜನವಿಲ್ಲ.

ಸ್ಥಳದ ಉಳಿತಾಯಕ್ಕಿಂತಲೂ ಹಿರಿದಾದ ಗುಣವೆಂದು ನಾನು ಎಣಿಸುವುದು ಕ್ರಮಪಾಲನೆಯನ್ನು. ಬರಿಯ ಪದಗಳನ್ನು ಜೋಡಿಸಹೊರಟರೆ ಯಂತ್ರವು ಅಕಾರಾದಿಯನ್ನನುಸರಿಸಿ ಅಧಿಕ, ಅಲ್ಪ, ಮಧ್ಯಮ ಎಂದಿರಿಸುವುದು. ಅದು ಅಕ್ಷರಕ್ಕೆ ಸರಿ, ಮಳೆಗೆ ತಪ್ಪು. ಅಂಕಣವನ್ನು ‘ಆರ್ಡರ್ಡ್’ ಎಂದು ಘೋಷಿಸಿ, ಯಾವುದರ ಅನಂತರ ಯಾವುದೆಂಬುದನ್ನು ನಾವೇ ತಿಳಿಸಿದೆವಾದರೆ, ಜೋಡಣೆಯು ನೇರ್ಪಡುವುದಲ್ಲದೆ, ‘ಮಧ್ಯಮಕ್ಕಿಂತ ಮಿಗಿಲಾದ ಸಾಲುಗಳನ್ನು ತೋರು’ ಎಂಬ ಅಪೇಕ್ಷೆಯೂ ಅರ್ಥವತ್ತಾಗುವುದು. ಕ್ರಮವನ್ನು ಘೋಷಿಸದಿದ್ದರೆ ಅಂತಹ ಹೋಲಿಕೆಯನ್ನು ಪಾಂಡಾಸ್ ನಿರಾಕರಿಸುತ್ತದೆ.

ಎಚ್ಚರವೊಂದು ಅವಶ್ಯ. ಸಿದ್ಧವಾದ ಅಂಕಣದೊಳಗೆ ಪಟ್ಟಿಯಲ್ಲಿಲ್ಲದ ಪದವನ್ನು ಬರೆಯಲೆಳಸಿದರೆ ಪಾಂಡಾಸ್ ದೋಷವೆಂದು ತಡೆಯುತ್ತದೆ. ಆದರೆ ಮಾರ್ಪಡಿಸುವಾಗಲೇ ಪಟ್ಟಿಯನ್ನು ನಾವು ಒದಗಿಸಿದ್ದರೆ, ಅದರೊಳಗಿಲ್ಲದ ಪದಗಳು, ಕಾಗುಣಿತ ತಪ್ಪಿದ ‘ಮದ್ಯಮ’ದಂತಹವು, ಇಲ್ಲದ ಮೌಲ್ಯಗಳಾಗಿ ಪರಿಣಮಿಸುವುದುಂಟು. ಆದಕಾರಣ ಮಾರ್ಪಾಟಿಗೆ ಮುನ್ನವೂ ತರುವಾಯವೂ ಖಾಲಿ ಸ್ಥಾನಗಳನ್ನು ಎಣಿಸಿ ನೋಡತಕ್ಕದ್ದು.